ಫ್ಲೋರೆಸ್ ದ್ವೀಪದ ಹಳ್ಳಿಯಲ್ಲಿ ಹೆಂಡತಿಯ ತವರಿನವರು ಕೊಡುತ್ತಿರುವ ಜಮೀನು: ಹಕ್ಕು, ಬದುಕು, ಪ್ರಯಾಣದ ಬಗ್ಗೆ ಸಲಹೆ ಬೇಕು

ಮಲೆನಾಡಿಗ:

ಎಲ್ಲರಿಗೂ ನಮಸ್ಕಾರ. ನಾನು ಮೂಡಿಗೆರೆ ತಾಲ್ಲೂಕಿನವನು. ನನ್ನ ಹೆಂಡತಿ ಇಂಡೊನೇಷ್ಯಾದ ಫ್ಲೋರೆಸ್ ದ್ವೀಪದ ಮಂಗ್ಗರಾಯ್ ಸೀಮೆಯವಳು. ರುತೆಂಗ್ ಪಟ್ಟಣದಿಂದ ದಕ್ಷಿಣಕ್ಕೆ ಬೆಟ್ಟದ ದಾರಿಯಲ್ಲಿ ಬಹಳ ಒಳಗೆ ಅವಳ ತವರು ಹಳ್ಳಿಯಿದೆ. ಸಿಂಗಾಪುರದಲ್ಲಿ ಕೆಲಸದಲ್ಲಿದ್ದಾಗ ಪರಿಚಯವಾಗಿ, ಬೆಂಗಳೂರಿನಲ್ಲಿ ಮದುವೆ ನೋಂದಣಿ ಮಾಡಿಸಿಕೊಂಡು, ಈಗ ಮಗಳೊಂದಿಗೆ ಇಲ್ಲೇ ಇದ್ದೇವೆ. ಬೇಸಿಗೆ ರಜೆಯಲ್ಲಿ ನನ್ನ ತಾಯಿಯನ್ನೂ ಕರೆದುಕೊಂಡು ಆ ಹಳ್ಳಿಗೆ ಹೋಗುವುದೆಂದು ನಿಶ್ಚಯವಾಗಿದೆ.

ಮಾವನವರು ಕಾಫಿ ಮತ್ತು ಲವಂಗದ ಗಿಡಗಳಿರುವ ಒಂದು ತುಂಡು ಜಮೀನನ್ನು, ಅದರ ಜೊತೆಗೆ ಮನೆ ಕಟ್ಟುವಷ್ಟು ಜಾಗವನ್ನು ಮಗಳಿಗೆ ಕೊಡಬೇಕೆಂದು ಮನಸ್ಸು ಮಾಡಿದ್ದಾರೆ. ಅದಕ್ಕೆ ಹೊಂದಿಕೊಂಡಿರುವ ಇನ್ನೊಂದು ತುಂಡು ಮಾರಾಟಕ್ಕಿದೆ. ಅದನ್ನು ನಾನು ದುಡ್ಡು ಕೊಟ್ಟು ಕೊಂಡರೆ ಒಟ್ಟಾಗಿ ಒಂದು ಸಣ್ಣ ತೋಟವಾಗುತ್ತದೆ ಎಂಬ ಆಸೆಯಿದೆ. ದ್ವೀಪದ ಪಶ್ಚಿಮ ತುದಿಯ ಪಟ್ಟಣವಾದ ಲಾಬುವಾನ್ ಬಾಜೊದ ಒಬ್ಬ ದಲ್ಲಾಳಿ, ವಿದೇಶಿಯರು ಸ್ಥಳೀಯನೊಬ್ಬನ ಹೆಸರಿನಲ್ಲಿ ಕ್ರಯ ಮಾಡಿಸಿ, ಅವನಿಂದ ಬೇರೆ ಕರಾರು ಬರೆಸಿಕೊಳ್ಳುವುದು ರೂಢಿ ಎಂದು ಹೇಳಿದ್ದಾರೆ. ನನಗೆ ಇದು ಸರಿ ಕಾಣುತ್ತಿಲ್ಲ. ಅಲ್ಲಿನ ಜಮೀನಿನ ಪದ್ಧತಿ, ಕಾನೂನು, ಹಳ್ಳಿಯ ದಿನಚರಿ, ವಯಸ್ಸಾದ ತಾಯಿಯೊಂದಿಗೆ ಮಾಡುವ ಪ್ರಯಾಣ, ಇವುಗಳಲ್ಲಿ ಯಾವುದರ ಬಗ್ಗೆ ತಿಳಿದವರಿದ್ದರೂ ದಯವಿಟ್ಟು ವಿವರವಾಗಿ ಬರೆಯಿರಿ.

ಕರಾವಳಿಯಾಕೆ:

ನಾನು ಮಂಗಳೂರಿನವಳು. ರುತೆಂಗ್‌ನ ಒಂದು ಶಾಲೆಯಲ್ಲಿ ಕೆಲವು ವರ್ಷ ಪಾಠ ಮಾಡಿದ್ದೇನೆ, ರಜೆಗಳಲ್ಲಿ ವಿದ್ಯಾರ್ಥಿಗಳ ಹಳ್ಳಿಗಳಲ್ಲಿ ಉಳಿದುಕೊಂಡಿದ್ದೇನೆ. ಕಾನೂನಿನ ಮಾತನ್ನು ಬಲ್ಲವರು ಹೇಳಲಿ. ನೀವು ಹೋಗುತ್ತಿರುವ ಹಳ್ಳಿಯಲ್ಲಿ ಜಮೀನು ಎಂದರೆ ಏನು ಎಂಬುದನ್ನು ನಾನು ಹೇಳುತ್ತೇನೆ, ಏಕೆಂದರೆ ಅದನ್ನು ತಿಳಿಯದೆ ಕಾಗದಕ್ಕೆ ಕೈ ಹಾಕಿದವರು ಅಲ್ಲಿ ಬಹಳ ಕಷ್ಟಪಟ್ಟಿದ್ದಾರೆ.

ಮಂಗ್ಗರಾಯ್‌ನಲ್ಲಿ ಸಮುದಾಯದ ಕೃಷಿಭೂಮಿಯ ಒಂದೊಂದು ಘಟಕಕ್ಕೆ ಲಿಂಗ್ಕೊ ಎಂಬ ಹೆಸರಿದೆ. ಅದರ ನಟ್ಟನಡುವೆ ಲೊದೊಕ್ ಎಂಬ ಬಿಂದುವಿನಲ್ಲಿ ಒಂದು ಮರದ ಗೂಟವನ್ನು ನೆಟ್ಟು, ಅಲ್ಲಿಂದ ಹೊರಗಿನ ಎಲ್ಲೆಯವರೆಗೆ ಗೆರೆಗಳನ್ನು ಎಳೆದು ಪಾಲು ಮಾಡುತ್ತಾರೆ. ಹಾಗಾಗಿ ಪ್ರತಿ ಕುಟುಂಬದ ಪಾಲು ನಡುವೆ ಕಿರಿದಾಗಿ, ಹೊರಗೆ ಹೋದಂತೆ ಅಗಲವಾಗುತ್ತದೆ, ಎತ್ತರದಿಂದ ನೋಡಿದರೆ ಇಡೀ ಬಯಲು ಜೇಡರ ಬಲೆಯಂತೆ ಕಾಣುತ್ತದೆ. ರುತೆಂಗ್‌ಗೆ ಹತ್ತಿರದ ಚಂಚಾರ್ ಎಂಬಲ್ಲಿ ಗುಡ್ಡ ಹತ್ತಿದರೆ ಇದನ್ನು ಕಣ್ಣಾರೆ ನೋಡಬಹುದು. ನಡುವಿನ ಬಿಂದುವಿನಲ್ಲಿ ಪಾಲಿನ ಅಗಲವನ್ನು ಬೆರಳಿನ ಲೆಕ್ಕದಲ್ಲಿ ಅಳೆಯುವುದು ಹಿಂದಿನಿಂದ ಬಂದ ಕ್ರಮ. ಈ ಹಂಚಿಕೆಯನ್ನು ಮಾಡುವ ಹಿರಿಯರನ್ನು ತುಅ ತೆನೊ ಎಂದೂ, ಊರಿನ ಯಜಮಾನರನ್ನು ತುಅ ಗೋಲೊ ಎಂದೂ ಕರೆಯುತ್ತಾರೆ. ಪ್ರತಿ ಲಿಂಗ್ಕೊಗೂ ಒಂದು ತಾಯಿಮನೆಯಿದೆ. ಮಂಗಳವಾದ್ಯಗಳನ್ನು ಇಟ್ಟಿರುವ ಆ ಮನೆಯನ್ನು ಗೆಂದಾಂಗ್ ಮನೆ ಎನ್ನುತ್ತಾರೆ. ಒಳಗೆ ಗೆಂದಾಂಗ್, ಹೊರಗೆ ಲಿಂಗ್ಕೊ ಎಂಬುದು ಅಲ್ಲಿನ ಗಾದೆಯಷ್ಟು ಹಳೆಯ ಮಾತು. ಮನೆಯಿಲ್ಲದ ಹೊಲವಾಗಲಿ, ಹೊಲವಿಲ್ಲದ ಮನೆಯಾಗಲಿ ಅವರ ಕಲ್ಪನೆಯಲ್ಲೇ ಇಲ್ಲ.

ಕಾಫಿ ಮತ್ತು ನೀರಾವರಿ ಗದ್ದೆ ಬಂದ ಮೇಲೆ ಹೆಚ್ಚಿನ ಪಾಲುಗಳು ಆಯಾ ಕುಟುಂಬದಲ್ಲೇ ಕಾಯಂ ಆಗಿ ಉಳಿದಿವೆ. ಆದರೂ ಹೊರಗಿನವನಿಗೆ ಜಮೀನು ಹೋಗಬೇಕಾದರೆ ಕೋಳಿ ಮತ್ತು ಕಳ್ಳು ಹಿಡಿದು ಹಿರಿಯರ ಮುಂದೆ ಕೇಳಿಕೊಳ್ಳುವ ಶಾಸ್ತ್ರವಿದೆ. ಮಾರುವವನೊಬ್ಬನ ಸಹಿ ಸಾಲದು.

ಇನ್ನೊಂದು ಮುಖ್ಯ ವಿಷಯ. ನಾನು ಅಳಿಯಸಂತಾನದ ನಾಡಿನಿಂದ ಹೋದವಳಾದ್ದರಿಂದ ಇದು ನನಗೆ ಎದ್ದು ಕಂಡಿತು: ಅಲ್ಲಿ ವಂಶ ಗಂಡುಮಕ್ಕಳ ಮೂಲಕವೇ ನಡೆಯುತ್ತದೆ. ಮಗ ಒಳಗಿನವನು, ಮಗಳು ಹೊರಗಿನವಳು ಎಂದೇ ಹುಟ್ಟಿದಾಗಿನಿಂದ ಕರೆಯುತ್ತಾರೆ. ಲಿಂಗ್ಕೊದ ಪಾಲು ಹೆಣ್ಣುಮಕ್ಕಳಿಗೆ ಹಕ್ಕಾಗಿ ಬರುವುದಿಲ್ಲ. ಆದರೆ ತಂದೆತಾಯಿ ಪ್ರೀತಿಯಿಂದ ಮಗಳಿಗೆ ಜಮೀನು ಕೊಡುವ ವಿದಾಂಗ್ ಎಂಬ ಪದ್ಧತಿಯಿದೆ, ನಿಮ್ಮ ಮಾವನವರು ಮಾಡಹೊರಟಿರುವುದು ಬಹುಶಃ ಅದನ್ನೇ. ಇದಕ್ಕೆ ನಿಮ್ಮ ಹೆಂಡತಿಯ ಅಣ್ಣತಮ್ಮಂದಿರ ಒಪ್ಪಿಗೆ ಇದೆಯೇ ಎಂಬುದನ್ನು ಮೊದಲು ತಿಳಿದುಕೊಳ್ಳಿ.

ಕಾನೂನು ಓದುಗ:

ನಾನು ಜಕಾರ್ತಾದಲ್ಲಿ ಒಂದು ಕಂಪನಿಯ ಕಾನೂನು ವಿಭಾಗದಲ್ಲಿದ್ದೇನೆ. ದಲ್ಲಾಳಿ ಹೇಳಿದ ದಾರಿಯನ್ನು ಇಂದೇ ಕೈಬಿಡಿ. ಇಂಡೊನೇಷ್ಯಾದ 1960ರ ಮೂಲ ಭೂಕಾಯ್ದೆಯ 21ನೆಯ ವಿಧಿಯ ಪ್ರಕಾರ ಹಕ್ ಮಿಲಿಕ್ ಎಂಬ ಪೂರ್ಣ ಒಡೆತನ ಆ ದೇಶದ ಪ್ರಜೆಗಳಿಗೆ ಮಾತ್ರ ಸಲ್ಲುತ್ತದೆ. ಅದೇ ಕಾಯ್ದೆಯ 26ನೆಯ ವಿಧಿಯು, ನೇರವಾಗಿ ಆಗಲಿ ಪರೋಕ್ಷವಾಗಿ ಆಗಲಿ ವಿದೇಶಿಯನಿಗೆ ಒಡೆತನ ದಾಟಿಸುವ ಯಾವ ಕ್ರಯವೂ ಅಸಿಂಧು, ಅಂಥ ಜಮೀನು ಸರ್ಕಾರಕ್ಕೆ ಸೇರುತ್ತದೆ, ಕೊಟ್ಟ ಹಣವನ್ನು ಹಿಂದಕ್ಕೆ ಕೇಳುವಂತಿಲ್ಲ ಎನ್ನುತ್ತದೆ. ಬೇನಾಮಿ ವ್ಯವಹಾರ ಬಾಲಿಯಲ್ಲಿಯೂ ಲಾಬುವಾನ್ ಬಾಜೊದಲ್ಲಿಯೂ ನಡೆಯುತ್ತದೆ ಎಂಬುದು ನಿಜವಾದರೂ, ನಡೆಯುತ್ತದೆ ಎಂಬುದರಿಂದ ಅದಕ್ಕೆ ರಕ್ಷಣೆ ಸಿಗುವುದಿಲ್ಲ.

ಹಾಗಾದರೆ ಹೆಂಡತಿಯ ಹೆಸರಿನಲ್ಲಿ ಕೊಳ್ಳಬಹುದೇ? ಅವರು ಇಂದಿಗೂ ಇಂಡೊನೇಷ್ಯಾದ ಪ್ರಜೆಯಾಗಿದ್ದರೆ ಹಕ್ಕು ಅವರಿಗಿದೆ, ಆದರೆ ನಡುವೆ ಒಂದು ತೊಡಕಿದೆ. 1974ರ ವಿವಾಹ ಕಾಯ್ದೆಯ 35ನೆಯ ವಿಧಿಯಂತೆ ಮದುವೆಯ ನಂತರ ಸಂಪಾದಿಸಿದ ಆಸ್ತಿ ದಂಪತಿಗಳ ಜಂಟಿ ಆಸ್ತಿಯಾಗುತ್ತದೆ. ಗಂಡ ವಿದೇಶಿಯಾದ್ದರಿಂದ ಆ ಜಂಟಿತನವೇ ಒಡೆತನಕ್ಕೆ ಅಡ್ಡಿಯಾಗುತ್ತದೆ. ಆಸ್ತಿಯನ್ನು ಬೇರೆ ಬೇರೆ ಇಟ್ಟುಕೊಳ್ಳುವ ಒಪ್ಪಂದವನ್ನು ಮದುವೆಗೆ ಮೊದಲೇ ಮಾಡಿಕೊಂಡಿರಬೇಕು ಎಂಬ ನಿಯಮ ಹಿಂದೆ ಇತ್ತು. 2016ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯವು ಮದುವೆಯಾದ ಮೇಲೂ ಇಂಥ ಒಪ್ಪಂದ ಮಾಡಿಕೊಳ್ಳಬಹುದು ಎಂದು ತೀರ್ಪು ಕೊಟ್ಟಿತು. ಹಾಗಾಗಿ ಒಬ್ಬ ನೋಟರಿಯ ಮೂಲಕ ಒಪ್ಪಂದ ಬರೆಸಿ ಅದನ್ನು ನಾಗರಿಕ ನೋಂದಣಿ ಕಚೇರಿಯಲ್ಲಿ ದಾಖಲಿಸುವುದು ಮೊದಲ ಕೆಲಸ. ಅದಕ್ಕೂ ಮುಂಚೆ, ಹೊರದೇಶದಲ್ಲಿ ಆದ ಮದುವೆಯನ್ನು ಇಂಡೊನೇಷ್ಯಾಕ್ಕೆ ಹಿಂತಿರುಗಿದ ಒಂದು ವರ್ಷದೊಳಗೆ ಅಲ್ಲಿ ನೋಂದಾಯಿಸಬೇಕೆಂದು ವಿವಾಹ ಕಾಯ್ದೆಯ 56ನೆಯ ವಿಧಿ ಹೇಳುತ್ತದೆ. ಇದು ಆಗಿದೆಯೇ?

ಮಾವನವರು ಕೊಡುವ ಜಮೀನಿನ ಸ್ಥಿತಿ ಇದಕ್ಕಿಂತ ಹಗುರ. ದಾನವಾಗಿ ಅಥವಾ ಪಿತ್ರಾರ್ಜಿತವಾಗಿ ಬಂದದ್ದು ಅದೇ 35ನೆಯ ವಿಧಿಯಂತೆ ಪಡೆದವರ ಸ್ವಂತ ಆಸ್ತಿ, ಜಂಟಿ ಆಸ್ತಿಯಲ್ಲ. ಕರಾವಳಿಯಾಕೆಯವರು ಹೇಳಿದ ವಿದಾಂಗ್ ಪದ್ಧತಿಗೂ ಬರಹದ ಕಾನೂನಿಗೂ ಇಲ್ಲಿ ಚೆನ್ನಾಗಿ ಹೊಂದಿಕೆಯಾಗುತ್ತದೆ. ಆದ್ದರಿಂದ ದಾನಪತ್ರದ ತುಂಡನ್ನೂ ಕ್ರಯದ ತುಂಡನ್ನೂ ಒಂದೇ ಕಾಗದದಲ್ಲಿ ಸೇರಿಸಬೇಡಿ.

ಮಲೆನಾಡಿಗ:

ಇಬ್ಬರಿಗೂ ಕೃತಜ್ಞತೆಗಳು. ಹೆಂಡತಿ ಇಂದಿಗೂ ಇಂಡೊನೇಷ್ಯಾದ ಪ್ರಜೆಯೇ. ಮದುವೆ ಅಲ್ಲಿ ನೋಂದಣಿಯಾಗಿಲ್ಲ. ಈ ಸಲವೇ ಮಾಡಿಸುತ್ತೇವೆ. ಕಾನೂನು ಓದುಗರೇ, ನಮ್ಮಲ್ಲಿ ಪಹಣಿ, ಖಾತೆ, ಹದ್ದುಬಸ್ತು ಎಂದು ಕೇಳುವಂತೆ ಅಲ್ಲಿ ಯಾವ ದಾಖಲೆ ಕೇಳಬೇಕು? ಮತ್ತೆ, ನಾವು ಬೆಂಗಳೂರಿನಲ್ಲಿದ್ದುಕೊಂಡು ಅಲ್ಲಿ ತೋಟ ಇಟ್ಟುಕೊಳ್ಳುವುದಕ್ಕೆ ಏನಾದರೂ ತಡೆಯಿದೆಯೇ? ಕರಾವಳಿಯಾಕೆ ಅಕ್ಕ, ಭಾವಮೈದುನರು ಮೇಲ್ನೋಟಕ್ಕೆ ಒಪ್ಪಿದ್ದಾರೆ, ಆದರೆ ಅವರಿಗೆ ಒಳಗೊಳಗೆ ಬೇಸರವಿರಬಹುದೇ ಎಂದು ತಿಳಿಯುವುದು ಹೇಗೆ?

ಕಾನೂನು ಓದುಗ:

ಹೌದು, ತಡೆಯಿದೆ, ಇದನ್ನು ಯಾವ ದಲ್ಲಾಳಿಯೂ ಹೇಳುವುದಿಲ್ಲ. ಕೃಷಿ ಜಮೀನು ಇರುವ ಕೆಚಮಾತಾನ್, ಅಂದರೆ ಸರಿಸುಮಾರು ನಮ್ಮ ಹೋಬಳಿ, ಅದರ ಹೊರಗೆ ವಾಸಿಸುವವರು ಅಂಥ ಜಮೀನಿನ ಒಡೆಯರಾಗಿರುವಂತಿಲ್ಲ ಎಂಬ ನಿಯಮ 1961ರಿಂದ ಇದೆ. ಪಕ್ಕದ ಕೆಚಮಾತಾನ್‌ನಲ್ಲಿದ್ದು ಸ್ವತಃ ಸಾಗುವಳಿ ಮಾಡುವವರಿಗೆ ಮಾತ್ರ ವಿನಾಯಿತಿ. ಗೈರುಹಾಜರಿ ಭೂಮಾಲೀಕರು ಬೆಳೆಯಬಾರದು ಎಂಬುದು ಇದರ ಉದ್ದೇಶ. ನಿಯಮ ಎಲ್ಲೆಡೆ ಬಿಗಿಯಾಗಿ ಜಾರಿಯಾಗುವುದಿಲ್ಲ, ಆದರೆ ವ್ಯಾಜ್ಯ ಹುಟ್ಟಿದ ದಿನ ಎದುರಾಳಿಯ ಕೈಗೆ ಸಿಗುವ ಮೊದಲ ಅಸ್ತ್ರ ಇದೇ ಆಗುತ್ತದೆ. ಮನೆಯ ನಿವೇಶನಕ್ಕೆ ಇದು ಅನ್ವಯಿಸುವುದಿಲ್ಲ. ನಿಮ್ಮ ಹೆಂಡತಿ ಬೆಂಗಳೂರಿನಲ್ಲಿ ನೆಲೆಸಿರುವವರೆಗೆ ಮನೆಯ ಜಾಗ ಅವರ ಹೆಸರಿಗೆ ಬಂದು, ತೋಟ ಅಣ್ಣತಮ್ಮಂದಿರ ಹೆಸರಿನಲ್ಲೇ ಉಳಿಯುವುದು ಕ್ಷೇಮ.

ದಾಖಲೆಯ ವಿಷಯಕ್ಕೆ ಬಂದರೆ, ರಾಷ್ಟ್ರೀಯ ಭೂ ಇಲಾಖೆ ಕೊಡುವ ಸರ್ಟಿಫಿಕತ್ ಎಂಬುದೇ ಒಡೆತನದ ಬಲವಾದ ಪುರಾವೆ. ಹಳ್ಳಿಗಳಲ್ಲಿ ಕಂದಾಯದ ರಸೀದಿ ಅಥವಾ ಗ್ರಾಮದ ಮುಖ್ಯಸ್ಥರು ಬರೆದುಕೊಟ್ಟ ಪತ್ರ ಮಾತ್ರ ಇರುವುದುಂಟು. ನಮ್ಮ ಪಹಣಿಯಂತೆ ಅವು ಸ್ವಾಧೀನವನ್ನು ಸೂಚಿಸುತ್ತವೆಯೇ ಹೊರತು ಒಡೆತನವನ್ನು ಸಿದ್ಧಪಡಿಸುವುದಿಲ್ಲ. 2017ರಿಂದ ಗ್ರಾಮಗ್ರಾಮವಾಗಿ ಎಲ್ಲ ಜಮೀನನ್ನೂ ಅಳೆದು ನೋಂದಾಯಿಸುವ ಸರ್ಕಾರಿ ಕಾರ್ಯಕ್ರಮ ನಡೆಯುತ್ತಿದೆ. ನಿಮ್ಮ ಹಳ್ಳಿಗೆ ಅದು ಬಂದಿದೆಯೇ ಎಂದು ವಿಚಾರಿಸಿ.

ಕರಾವಳಿಯಾಕೆ:

ತಮ್ಮಾ, ಬೇಸರವಿದೆಯೇ ಎಂದು ನೇರವಾಗಿ ಕೇಳಿದರೆ ಇಲ್ಲವೆಂದೇ ಹೇಳುತ್ತಾರೆ. ಆದರೆ ನಿನ್ನ ಸ್ಥಾನ ಅಲ್ಲಿ ಏನೆಂದು ತಿಳಿದರೆ ಅರ್ಧ ಉತ್ತರ ಸಿಗುತ್ತದೆ. ಹೆಣ್ಣು ಕೊಟ್ಟ ಮನೆಯವರನ್ನು ಅನಾಕ್ ರೋನಾ ಎಂದೂ, ಹೆಣ್ಣು ತಂದುಕೊಂಡ ಮನೆಯವರನ್ನು ಅನಾಕ್ ವೀನಾ ಎಂದೂ ಕರೆಯುತ್ತಾರೆ. ಹೆಣ್ಣು ಕೊಟ್ಟವರು ಮೇಲು. ಹರಸುವ ಅಧಿಕಾರ ಅವರದು. ನಮ್ಮಲ್ಲಿ ಗಂಡಿನ ಕಡೆಯವರಿಗೆ ನಡೆಯುವ ಉಪಚಾರ ಅಲ್ಲಿ ಹೆಣ್ಣಿನ ಕಡೆಯವರಿಗೆ ಸಲ್ಲುತ್ತದೆ ಎಂಬುದನ್ನು ನಿನ್ನ ತಾಯಿಯವರಿಗೂ ಮೊದಲೇ ತಿಳಿಸಿಡು.

ಮಾವನ ಮನೆಯಲ್ಲಿ ಸಾವು, ಮದುವೆ, ಪೂರ್ವಿಕರ ಪೂಜೆ, ಮಕ್ಕಳ ಓದು ಮುಂತಾದ ದೊಡ್ಡ ಖರ್ಚು ಬಂದಾಗ ಅಳಿಯಂದಿರಿಂದ ಹಣವನ್ನೋ ಹಂದಿಯನ್ನೋ ಕೇಳುವ ಹಕ್ಕು ಅವರಿಗಿದೆ. ಇದನ್ನು ಸಿದಾ ಎನ್ನುತ್ತಾರೆ. ಎಷ್ಟು ಕೊಡಬೇಕು ಎಂಬುದನ್ನು ಮಾತುಕತೆಯಲ್ಲಿ ತಗ್ಗಿಸಿಕೊಳ್ಳಬಹುದು, ಇಲ್ಲವೆನ್ನುವಂತಿಲ್ಲ. ಉಳಿದ ಅಳಿಯಂದಿರು ಕೊಡುತ್ತಾ ಬಂದಿರುವಾಗ ದೂರದ ಅಳಿಯ ಬಂದು ಜಮೀನು ಪಡೆದು ಹೋಗುವುದು ಯಾರಿಗೂ ಹಿತವಾಗಿ ಕಾಣುವುದಿಲ್ಲ. ನೀನು ಆ ಸರದಿಯಲ್ಲಿ ನಿಂತು, ವರ್ಷವರ್ಷವೂ ನಿನ್ನ ಪಾಲು ಸಲ್ಲಿಸುತ್ತಿರುವುದನ್ನು ಊರು ನೋಡಿದರೆ, ವಿದಾಂಗ್ ಸಹಜವಾಗಿ ನಿನ್ನ ಹೆಂಡತಿಗೆ ದಕ್ಕುತ್ತದೆ. ನಾನು ಕಂಡಂತೆ ಅಲ್ಲಿ ಜಮೀನನ್ನು ಕಾಯುವುದು ಈ ಕೊಡುಕೊಳ್ಳುವಿಕೆಯೇ. ಸರ್ಟಿಫಿಕತ್ ಅದರ ನಂತರ ಬರಬೇಕು.

ಪಕ್ಕದ ತುಂಡನ್ನು ಮಾರುತ್ತಿರುವವರು ಯಾರು, ಏಕೆ ಮಾರುತ್ತಿದ್ದಾರೆ ಎಂದು ವಿಚಾರಿಸಿದ್ದೀಯಾ? ಗಂಡುಮಕ್ಕಳು ಕಾಲಿಮಂತಾನ್‌ಗೋ ಮಲೇಷ್ಯಾದ ತಾಳೆ ತೋಟಗಳಿಗೋ ದುಡಿಯಲು ಹೋಗಿರುವ ಮನೆಗಳಲ್ಲಿ ಹಿರಿಯರು ಸಾಲ ತೀರಿಸಲು ಮಾರುವುದುಂಟು. ಮಗ ಹಿಂತಿರುಗಿ ಬಂದ ದಿನ ಆ ಜಮೀನು ಮತ್ತೆ ಮಾತಿಗೆ ಬರುತ್ತದೆ.

ತೋಟದ ಮನೆ:

ನಾನು ಚಿಕ್ಕಮಗಳೂರಿನ ಕಾಫಿ ಬೆಳೆಗಾರ. ಅಲ್ಲಿನ ಕಾಫಿ ನೋಡಬೇಕೆಂದೇ ಮಂಗ್ಗರಾಯ್‌ನ ಪೂರ್ವ ಭಾಗದ ಚೊಲೊಲ್‌ಗೆ ಹೋಗಿದ್ದೆ. ಜುರಿಯಾ ಎಂದು ಅವರು ಕರೆಯುವ ಹಳೆಯ ಅರೇಬಿಕಾ ತಳಿಯ ಎತ್ತರದ ಗಿಡಗಳು ಇನ್ನೂ ಅಲ್ಲಿವೆ. ತಮ್ಮ ಅಜ್ಜಂದಿರು ಡಚ್ಚರ ಕಾಲದಲ್ಲೇ ಕಾಫಿ ಬೆಳೆಯುತ್ತಿದ್ದರು ಎಂಬುದಕ್ಕೆ 1937ರ ತೋಟಗಳ ಸ್ಪರ್ಧೆಯ ಬಾವುಟವನ್ನು ಅಲ್ಲಿನವರು ಜೋಪಾನವಾಗಿ ಇಟ್ಟುಕೊಂಡಿದ್ದಾರೆ.

ಆ ಊರಿನ ಕಥೆಯನ್ನು ಮಲೆನಾಡಿಗರು ಅವಶ್ಯವಾಗಿ ತಿಳಿದಿರಬೇಕು. ಲಿಂಗ್ಕೊ ಎಂದು ಜನ ತಿಳಿದ ಭೂಮಿಯನ್ನು ಸರ್ಕಾರ ಅರಣ್ಯವೆಂದು ಗುರುತಿಸಿತ್ತು. ಅತಿಕ್ರಮಣವೆಂದು ಹೇಳಿ ಜಿಲ್ಲಾಡಳಿತ ಕಾಫಿ ಗಿಡಗಳನ್ನು ಕಡಿಸಿತು. 2004ರ ಮಾರ್ಚ್ 10ರಂದು, ಬಂಧಿತರಾದ ತಮ್ಮವರನ್ನು ಬಿಡಿಸಲೆಂದು ರುತೆಂಗ್ ಪೊಲೀಸ್ ಠಾಣೆಗೆ ಬಂದ ರೈತರ ಮೇಲೆ ಗುಂಡು ಹಾರಿ ಆರು ಜನ ಸತ್ತರು, ಹಲವರು ಅಂಗವಿಕಲರಾದರು. ಆ ದಿನವನ್ನು ಅಲ್ಲಿನವರು ರಕ್ತದ ಬುಧವಾರ ಎಂದು ನೆನೆಯುತ್ತಾರೆ. ರೂಢಿಗತ ಸಮುದಾಯಗಳ ಕಾಡು ಸರ್ಕಾರದ ಕಾಡಲ್ಲ ಎಂದು ಸಂವಿಧಾನ ನ್ಯಾಯಾಲಯ 2013ರಲ್ಲಿ ತೀರ್ಪು ಕೊಟ್ಟಿತಾದರೂ, ಒಂದೊಂದು ಊರಿನ ಕಾಡೂ ಹಾಗೆ ಮಾನ್ಯತೆ ಪಡೆಯುವುದು ಬೇರೆಯೇ ದೀರ್ಘ ಕೆಲಸ. ನಮ್ಮ ಕಡೆ ಡೀಮ್ಡ್ ಅರಣ್ಯದ ಗೊಂದಲದಲ್ಲಿ ಬದುಕಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಕಾಫಿ ತೋಟದ ಮೇಲಿನ ಅಂಚು ಅರಣ್ಯದ ಗಡಿಕಲ್ಲಿನಿಂದ ಎಷ್ಟು ದೂರವಿದೆ ಎಂದು ನಿಂತು ನೋಡಿ ಬನ್ನಿ.

ರುತೆಂಗ್‌ನ ದಕ್ಷಿಣ ಎಂದಿರಿ. ಆ ದಿಕ್ಕಿನಲ್ಲಿ ಉಲುಂಬು ಭೂಶಾಖ ವಿದ್ಯುತ್ ಸ್ಥಾವರವಿದೆ. ಅದನ್ನು ಪೊಚೊ ಲೆಯೊಕ್ ಕಡೆಗೆ ವಿಸ್ತರಿಸುವ ಯೋಜನೆಯನ್ನು ಅಲ್ಲಿನ ಹಲವು ಗೆಂದಾಂಗ್ ಸಮುದಾಯಗಳು ವಿರೋಧಿಸುತ್ತಿವೆ, ಜಮೀನು ಕೊಟ್ಟವರು ಮತ್ತು ಕೊಡದವರ ನಡುವೆ ಒಂದೇ ಮನೆತನದೊಳಗೂ ಒಡಕುಂಟಾಗಿದೆ. ನಿಮ್ಮ ಹಳ್ಳಿ ಅದರ ಸಮೀಪದಲ್ಲಿದ್ದರೆ, ಹೊರಗಿನವರೊಬ್ಬರು ಈ ಸಮಯದಲ್ಲಿ ಜಮೀನು ಕೊಳ್ಳುವುದನ್ನು ಜನ ಅನುಮಾನದಿಂದ ನೋಡುತ್ತಾರೆ, ಮತ್ತು ಆ ಅನುಮಾನ ನ್ಯಾಯವಾದದ್ದೇ.

ಹಾದಿಹೋಕ:

ಪ್ರಯಾಣದ ಬಗ್ಗೆ ನಾನು ಹೇಳುತ್ತೇನೆ. ಬೆಂಗಳೂರಿನಿಂದ ಬಾಲಿಯ ಡೆನ್‌ಪಾಸಾರ್‌ಗೆ ನೇರ ವಿಮಾನ ಆರಂಭವಾದದ್ದು ಈ ದಾರಿಯ ದೊಡ್ಡ ಅನುಕೂಲ. ಅಲ್ಲಿಂದ ಲಾಬುವಾನ್ ಬಾಜೊಗೆ ಒಂದು ಗಂಟೆಗೆ ತುಸು ಹೆಚ್ಚಿನ ಹಾರಾಟ. ಅಲ್ಲಿಂದ ರುತೆಂಗ್‌ಗೆ ಸುಮಾರು ನಾಲ್ಕು ಗಂಟೆಯ ರಸ್ತೆ, ಡಾಂಬರು ಚೆನ್ನಾಗಿದೆ, ಆದರೆ ತಿರುವುಗಳಿಗೆ ಕೊನೆಯಿಲ್ಲ; ಚಾರ್ಮಾಡಿ ಘಾಟಿಯಲ್ಲಿ ತಲೆ ಸುತ್ತುವವರು ಮಾತ್ರೆ ತೆಗೆದುಕೊಂಡೇ ಕೂರಬೇಕು. ತಾಯಿಯವರನ್ನು ಒಂದೇ ದಿನ ಹಳ್ಳಿಯವರೆಗೆ ಎಳೆದೊಯ್ಯಬೇಡಿ. ರುತೆಂಗ್ ಸಾವಿರ ಮೀಟರಿಗಿಂತ ಎತ್ತರದಲ್ಲಿದೆ, ರಾತ್ರಿ ಚೆನ್ನಾಗಿಯೇ ಚಳಿಯಾಗುತ್ತದೆ, ಉಣ್ಣೆಯ ಬಟ್ಟೆ ಇರಲಿ.

ರುತೆಂಗ್‌ನಿಂದ ಮುಂದೆ ಹಳ್ಳಿಯವರು ಬಳಸುವುದು ಓಟೋ ಕೊಲ್. ಲಾರಿಯ ಹಿಂಭಾಗಕ್ಕೆ ಮರದ ಬೆಂಚುಗಳನ್ನು ಕೂರಿಸಿ ಮೇಲೆ ಸೂರು ಕಟ್ಟಿದ ವಾಹನವದು. ಅಕ್ಕಿ ಮೂಟೆ, ಹಂದಿ, ಸಿಮೆಂಟು, ಜನ ಎಲ್ಲವೂ ಒಟ್ಟಿಗೆ ಸಾಗುತ್ತವೆ. ಬೆಳಗಿನ ಜಾವ ಹಳ್ಳಿಯಿಂದ ಹೊರಟು ಮಧ್ಯಾಹ್ನ ಪಟ್ಟಣದಿಂದ ಹಿಂತಿರುಗುವುದು ಸಾಮಾನ್ಯ ಕ್ರಮವಾದ್ದರಿಂದ, ತಡವಾಗಿ ಬಂದವರಿಗೆ ಓಜೆಕ್ ಎಂಬ ಬಾಡಿಗೆ ಬೈಕೊಂದೇ ಗತಿ. ವಯಸ್ಸಾದವರಿಗೆ ಎರಡೂ ಕಷ್ಟ. ಎತ್ತರದ ಚಕ್ರಗಳ ಕಾರನ್ನು ಚಾಲಕನ ಸಮೇತ ಬಾಡಿಗೆಗೆ ಗೊತ್ತುಮಾಡಿಕೊಂಡು, ಕೊನೆಯ ಭಾಗದ ರಸ್ತೆ ಹೇಗಿದೆ ಎಂದು ಹಳ್ಳಿಯವರಿಂದಲೇ ಕೇಳಿ ಹೊರಡಿ. 2015ರಿಂದ ಗ್ರಾಮಗಳಿಗೆ ಕೇಂದ್ರದ ಅನುದಾನ ನೇರವಾಗಿ ಬರುತ್ತಿರುವುದರಿಂದ ಒಳರಸ್ತೆಗಳು ಸುಧಾರಿಸಿವೆ, ಆದರೆ ಡಿಸೆಂಬರ್‌ನಿಂದ ಮಾರ್ಚ್‌ವರೆಗಿನ ಮಳೆಯಲ್ಲಿ ಗುಡ್ಡ ಕುಸಿದು ದಾರಿ ಮುಚ್ಚುವುದು ಈಗಲೂ ಇದೆ. ನಿಮ್ಮ ಬೇಸಿಗೆ ರಜೆಯನ್ನು ಏಪ್ರಿಲ್ ಕೊನೆಗೆ ಅಥವಾ ಮೇ ತಿಂಗಳಿಗೆ ಹೊಂದಿಸಿಕೊಂಡರೆ ಒಳ್ಳೆಯದು.

ಭಾರತೀಯರಿಗೆ ಬಂದಿಳಿದ ಮೇಲೆ 30 ದಿನಗಳ ವೀಸಾ ಸಿಗುತ್ತದೆ, ಒಂದು ಸಲ ವಿಸ್ತರಿಸಬಹುದು. ದ್ವೀಪದ ಪೂರ್ವ ತುದಿಯ ಲೆವೊತೊಬಿ ಜ್ವಾಲಾಮುಖಿ 2024ರ ನವೆಂಬರ್‌ನಲ್ಲಿ ಸಿಡಿದಾಗ ಬೂದಿಯಿಂದಾಗಿ ಬಾಲಿಯ ವಿಮಾನಗಳೂ ರದ್ದಾಗಿದ್ದವು, ಹಾಗಾಗಿ ಹಿಂದಿರುಗುವ ಟಿಕೆಟ್‌ಗೂ ಕೆಲಸಕ್ಕೆ ಹಾಜರಾಗುವ ದಿನಕ್ಕೂ ನಡುವೆ ಅಂತರವಿರಲಿ. ಹಳ್ಳಿ ತಲುಪಿದ 24 ಗಂಟೆಯೊಳಗೆ ಹೊಸ ಅತಿಥಿಗಳ ವಿವರವನ್ನು ಸ್ಥಳೀಯ ಮುಖ್ಯಸ್ಥರಿಗೆ ತಿಳಿಸುವ ಪದ್ಧತಿಯಿದೆ. ಮಾವನವರ ಜೊತೆ ನೀವೇ ಹೋಗಿ ಪಾಸ್‌ಪೋರ್ಟ್ ತೋರಿಸಿ ಬನ್ನಿ.

ಮಲೆನಾಡಿಗ:

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ನಾವಿಬ್ಬರೂ ಋಣಿಗಳು. ಇದೆಲ್ಲವನ್ನೂ ಹೆಂಡತಿಗೆ ಓದಿ ಹೇಳಿದೆ. ಸಿದಾ ವಿಷಯ ಅವಳಿಗೆ ಗೊತ್ತೇ ಇತ್ತು, ನನಗೆ ಭಾರವಾದೀತೆಂದು ಹೇಳಿರಲಿಲ್ಲವಂತೆ. ಪಕ್ಕದ ತುಂಡನ್ನು ಕೊಳ್ಳುವ ಆಲೋಚನೆಯನ್ನು ಬಿಟ್ಟಿದ್ದೇವೆ; ಅದರ ಒಡೆಯರ ಇಬ್ಬರು ಗಂಡುಮಕ್ಕಳು ನಿಜವಾಗಿಯೂ ಮಲೇಷ್ಯಾದಲ್ಲಿದ್ದಾರೆ. ಮನೆಯ ಜಾಗವನ್ನು ಮಾತ್ರ ವಿದಾಂಗ್ ಎಂದು ಹಿರಿಯರ ಮುಂದೆ ಒಪ್ಪಿಸಿಕೊಂಡು, ತೋಟವನ್ನು ಭಾವಮೈದುನರೇ ನೋಡಿಕೊಳ್ಳಲಿ ಎಂದು ಹೇಳಬೇಕೆಂದಿದ್ದೇವೆ. ಇನ್ನೆರಡು ಪ್ರಶ್ನೆಗಳಿವೆ. ಮಗಳು ಭಾರತದ ಪ್ರಜೆ. ಮುಂದೆ ಆ ಮನೆ ಅವಳಿಗೆ ಸೇರಬಹುದೇ? ನನ್ನ ತಾಯಿ ಮಾಂಸ, ಮೊಟ್ಟೆ ಮುಟ್ಟುವುದಿಲ್ಲ. ಅವರಿಗೆ ಊಟದ ವ್ಯವಸ್ಥೆ ಹೇಗೆ?

ಕಾನೂನು ಓದುಗ:

ವಿದೇಶಿ ಪ್ರಜೆಗೆ ಪಿತ್ರಾರ್ಜಿತವಾಗಿ ಪೂರ್ಣ ಒಡೆತನ ಬಂದರೆ, ಒಂದು ವರ್ಷದೊಳಗೆ ಅದನ್ನು ಅರ್ಹರಿಗೆ ವರ್ಗಾಯಿಸಬೇಕು, ತಪ್ಪಿದರೆ ಹಕ್ಕು ಹೋಗುತ್ತದೆ. 2006ರ ಪೌರತ್ವ ಕಾಯ್ದೆ ಮಿಶ್ರ ವಿವಾಹದ ಮಕ್ಕಳಿಗೆ 18 ವರ್ಷದವರೆಗೆ ಎರಡೂ ಪೌರತ್ವಕ್ಕೆ ಅವಕಾಶ ಕೊಟ್ಟು, ನಂತರ ಆರಿಸಿಕೊಳ್ಳಲು ಮೂರು ವರ್ಷ ಕೊಡುತ್ತದೆ. ಆದರೆ ಭಾರತ ಇಬ್ಬಗೆಯ ಪೌರತ್ವವನ್ನು ಒಪ್ಪುವುದಿಲ್ಲವಾದ್ದರಿಂದ ಮಗಳ ವಿಷಯದಲ್ಲಿ ಎರಡೂ ದೇಶದ ಕಾನೂನು ಬಲ್ಲವರನ್ನು ಕೇಳದೆ ಯಾವ ಅರ್ಜಿಯನ್ನೂ ಹಾಕಬೇಡಿ.

ಕರಾವಳಿಯಾಕೆ:

ನಿರ್ಧಾರ ಕೇಳಿ ನೆಮ್ಮದಿಯಾಯಿತು. ತಾಯಿಯವರ ಊಟಕ್ಕೆ ಚಿಂತೆ ಬೇಡ. ಹಳ್ಳಿಯ ನಿತ್ಯದ ಊಟವೆಂದರೆ ಅನ್ನ, ಜೋಳ, ಮರಗೆಣಸು, ಅದರ ಎಲೆ, ನುಗ್ಗೆಸೊಪ್ಪು, ಸೀಮೆಬದನೆಕಾಯಿ. ಮಾಂಸ ಹಬ್ಬಕ್ಕೆ ಮತ್ತು ಅತಿಥಿಗಳಿಗೆ. ತೊಂದರೆ ಬರುವುದು ಮೊದಲ ದಿನವೇ, ಏಕೆಂದರೆ ಬಂದವರನ್ನು ಹುಂಜವನ್ನು ಮುಂದಿಟ್ಟು ಮಾತಿನ ಮೂಲಕ ಸ್ವಾಗತಿಸಿ, ಆಮೇಲೆ ಅಡುಗೆ ಮಾಡುತ್ತಾರೆ. ಆ ಹುಂಜವನ್ನು ಗೌರವದಿಂದ ಕೈಯಲ್ಲಿ ಮುಟ್ಟಿ ಸ್ವೀಕರಿಸಿದರೆ ಸಾಕು, ತಿನ್ನಬೇಕೆಂದಿಲ್ಲ. ತಾಯಿಯವರು ವ್ರತದಲ್ಲಿದ್ದಾರೆ ಎಂದು ನಿಮ್ಮ ಹೆಂಡತಿಯೇ ಮೊದಲೇ ಹೇಳಿಟ್ಟರೆ ಯಾರೂ ಬೇಸರಿಸುವುದಿಲ್ಲ. ಅಡಿಕೆ ಮತ್ತು ಸುಣ್ಣವನ್ನು ಅಲ್ಲಿನವರೂ ಮೆಲ್ಲುತ್ತಾರೆ, ಎಲೆಯ ಬದಲಿಗೆ ವೀಳ್ಯದ ಬಳ್ಳಿಯ ಉದ್ದನೆಯ ಕಾಯಿಯನ್ನು ಬಳಸುತ್ತಾರೆ. ಮಲೆನಾಡಿನ ಒಳ್ಳೆಯ ಅಡಿಕೆಯನ್ನು ಉಡುಗೊರೆಯಾಗಿ ಒಯ್ಯಬೇಕೆನಿಸಿದರೆ, ಸಸ್ಯೋತ್ಪನ್ನಗಳ ತಪಾಸಣೆಯ ನಿಯಮವನ್ನು ಮೊದಲು ನೋಡಿಕೊಳ್ಳಿ.

ನಾಯಿಗಳ ಬಗ್ಗೆ ಮಾತ್ರ ಬಹಳ ಎಚ್ಚರಿಕೆ ಬೇಕು. 1997ರಲ್ಲಿ ಫ್ಲೋರೆಸ್‌ಗೆ ಬಂದ ಹುಚ್ಚುನಾಯಿ ರೋಗ ಇಂದಿಗೂ ದ್ವೀಪ ಬಿಟ್ಟಿಲ್ಲ, ಮತ್ತು ಪ್ರತಿ ಮನೆಯಲ್ಲೂ ನಾಯಿಗಳಿರುತ್ತವೆ. ಮಗಳಿಗೆ ಮತ್ತು ನಿಮಗೆಲ್ಲರಿಗೂ ಬೆಂಗಳೂರಿನಲ್ಲೇ ಮುಂಜಾಗ್ರತೆಯ ಲಸಿಕೆ ಹಾಕಿಸಿ, ಕಚ್ಚಿದರೆ ಅಥವಾ ಪರಚಿದರೆ ಸೋಪಿನಿಂದ ಹದಿನೈದು ನಿಮಿಷ ತೊಳೆದು ಅದೇ ದಿನ ರುತೆಂಗ್ ಆಸ್ಪತ್ರೆಗೆ ಹೊರಡಿ, ನಾಳೆಗೆ ಬಿಡಬೇಡಿ. ತಾಯಿಯವರ ನಿತ್ಯದ ಔಷಧಿಗಳನ್ನು ಪೂರ್ತಿ ಅವಧಿಗೆ ಸಾಲುವಷ್ಟು ಒಯ್ಯಿರಿ. ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ಸೂಲಗಿತ್ತಿ ಮತ್ತು ದಾದಿ ಇರುತ್ತಾರೆ, ವೈದ್ಯರು ಎಲ್ಲ ದಿನವೂ ಇರುವುದಿಲ್ಲ.

ಹಿರಿಯರ ಮುಂದೆ ವಿದಾಂಗ್ ಮಾತು ನಡೆಯುವ ದಿನ ಭಾವಮೈದುನರ ಹೆಂಡತಿಯರೂ ಗಂಡುಮಕ್ಕಳೂ ಕುಳಿತಿರುವಂತೆ ನೋಡಿಕೊಳ್ಳಿ, ಜಾಗದ ಎಲ್ಲೆಯನ್ನು ನೆರೆಹೊರೆಯವರ ಜೊತೆ ನಡೆದು ಗುರುತಿಸಿ, ಅಲ್ಲಿ ಆದ ಮಾತನ್ನು ಗ್ರಾಮದ ಮುಖ್ಯಸ್ಥರ ಮತ್ತು ತುಅ ಗೋಲೊ ಅವರ ಸಹಿಯೊಂದಿಗೆ ಬರೆಸಿಕೊಳ್ಳಿ. ಆ ಕಾಗದವನ್ನು ಹಿಡಿದುಕೊಂಡೇ ಭೂ ಇಲಾಖೆಗೆ ಹೋಗಬಹುದು.